ಬೆಳಗಿನ ಸ್ಟಾರ್ಟಿಂಗ್ ತೊಂದರೆ: ಬಿಡಿಭಾಗ ಬದಲಿಸುವ ಮುನ್ನ ಅಳತೆ ನೋಡಿ

ಮಾನ್ಯ ಸಂಪಾದಕರೇ,

ಹಳೆಯ ಪೆಟ್ರೋಲ್ ಕಾರುಗಳು ಬೆಳಗಿನ ಹೊತ್ತು ಬೇಗನೆ ಸ್ಟಾರ್ಟ್ ಆಗುತ್ತಿಲ್ಲವೆಂದೂ ಅದಕ್ಕೆ ಶೇಕಡಾ 20ರಷ್ಟು ಎಥೆನಾಲ್ ಬೆರೆಸಿದ ಇ20 ಪೆಟ್ರೋಲೇ ಕಾರಣವೆಂದೂ ದೂರುವ ಪತ್ರಗಳು ಈಚೆಗೆ ತಮ್ಮ ಪತ್ರಿಕೆಯಲ್ಲಿ ಪ್ರಕಟವಾಗುತ್ತಿವೆ. ಮೋಟಾರು ಮೆಕ್ಯಾನಿಕ್ ವಿದ್ಯಾರ್ಥಿಗಳಿಗೆ ಬಹುಕಾಲ ಪಾಠ ಹೇಳಿದ ನನಗೆ ಈ ದೂರಿನಲ್ಲಿ ಅರ್ಧ ಸತ್ಯ ಮಾತ್ರ ಕಾಣುತ್ತದೆ. ದೋಷ ಎಲ್ಲಿದೆಯೆಂದು ಅಳೆದು ನೋಡದೆ ಮೊದಲು ಬ್ಯಾಟರಿ, ಆಮೇಲೆ ಪ್ಲಗ್, ಕೊನೆಗೆ ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪ್ ಎಂದು ಒಂದೊಂದಾಗಿ ಬದಲಿಸುತ್ತ ಹೋಗುವ ಗ್ಯಾರೇಜುಗಳ ಪದ್ಧತಿ ಇದಕ್ಕಿಂತ ದುಬಾರಿಯಾದ ಸಮಸ್ಯೆ.

2000ದ ಆಸುಪಾಸಿನಲ್ಲಿ ಮಾಲಿನ್ಯ ನಿಯಮಗಳು ಬಿಗಿಯಾದಾಗ ಮಾರುತಿ 800ರಂಥ ಕಾರುಗಳಲ್ಲಿ ಗಾಳಿಗೆ ಪೆಟ್ರೋಲ್ ಬೆರೆಸುತ್ತಿದ್ದ ಕಾರ್ಬ್ಯುರೇಟರ್ ಹೋಗಿ, ಪ್ರತಿ ಸಿಲಿಂಡರಿಗೂ ಇಂಜೆಕ್ಟರ್ ಎಂಬ ಕಿರುನಳಿಕೆಯಿಂದ ಪೆಟ್ರೋಲ್ ಸಿಂಪಡಿಸುವ ಎಂಪಿಎಫ್‌ಐ ಬಂತು; ಅದರೊಂದಿಗೆ ಚೋಕ್ ಎಳೆಯುವ ಕೆಲಸವೂ ತಪ್ಪಿತು. ತಣ್ಣಗಿರುವ ಎಂಜಿನ್ನಿಗೆ ಹೆಚ್ಚುವರಿ ಪೆಟ್ರೋಲ್ ಎಷ್ಟು ಬೇಕೆಂಬುದನ್ನು ಎಂಜಿನ್ ತಂಪಾಗಿಸುವ ದ್ರವದ ಬಿಸಿ ಅಳೆಯುವ ಕೂಲೆಂಟ್ ಸೆನ್ಸರ್ ತಿಳಿಸುವ ಉಷ್ಣತೆಯನ್ನು ನೋಡಿ ಇಸಿಎಂ, ಅಂದರೆ ಎಂಜಿನ್ನಿನ ಕಂಪ್ಯೂಟರ್, ತೀರ್ಮಾನಿಸುತ್ತದೆ, ಮತ್ತು ಪೈಪಿನಲ್ಲಿ ಸಾಕಷ್ಟು ಒತ್ತಡ ಇದೆಯೆಂದೇ ನಂಬಿ ಇಂಜೆಕ್ಟರನ್ನು ಅಷ್ಟು ಹೊತ್ತು ತೆರೆಯುತ್ತದೆ. ಈ ಎರಡರಲ್ಲಿ ಒಂದು ಸುಳ್ಳಾದರೂ ಬೆಳಗಿನ ಸ್ಟಾರ್ಟಿಂಗ್ ಕೆಡುತ್ತದೆ. (ಆಕ್ಸಿಲರೇಟರನ್ನು ಪದೇ ಪದೇ ತುಳಿಯುವ ಕಾರ್ಬ್ಯುರೇಟರ್ ಕಾಲದ ಅಭ್ಯಾಸದಿಂದ ಇಲ್ಲಿ ಏನೂ ಪ್ರಯೋಜನವಿಲ್ಲ, ಪೂರ್ತಿ ತುಳಿದು ಸೆಲ್ಫ್ ಹೊಡೆದರೆ ಬಹುತೇಕ ಕಾರುಗಳಲ್ಲಿ ಪೆಟ್ರೋಲ್ ಬರುವುದೇ ನಿಲ್ಲುತ್ತದೆ.)

ಮೊದಲು ಕಿವಿಗೊಟ್ಟು ಕೇಳಬೇಕಾದದ್ದು ಸೆಲ್ಫ್ ತಿರುಗುವ ಸದ್ದನ್ನು. ಅದು ಎಳೆದೆಳೆದು ತಿರುಗುತ್ತಿದ್ದರೆ ಬ್ಯಾಟರಿ, ಅರ್ಥಿಂಗ್ ವೈರ್ ಅಥವಾ ಸೆಲ್ಫ್ ಮೋಟಾರಿನ ದೋಷ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, ಸೆಲ್ಫ್ ಹೊಡೆಯುವಾಗ ಅದು 9.6ಕ್ಕಿಂತ ಕೆಳಗಿಳಿಯಬಾರದು. ಸೆಲ್ಫ್ ಚುರುಕಾಗಿಯೇ ತಿರುಗುತ್ತಿದ್ದು ಎಂಜಿನ್ ಮಾತ್ರ ಹಿಡಿಯದಿದ್ದರೆ, ಹೊಸ ಬ್ಯಾಟರಿಗೆ ಸುರಿಯುವ ಹಣ ವ್ಯರ್ಥ.

ಇಲ್ಲಿಂದ ಮುಂದಿನ ಪರೀಕ್ಷೆಗೆ ಒಂದು ಪೈಸೆಯೂ ಖರ್ಚಿಲ್ಲ. ರಾತ್ರಿಯಿಡೀ ನಿಂತ ಕಾರಿನಲ್ಲಿ ಕೀಲಿಯನ್ನು ಆನ್ ಸ್ಥಾನಕ್ಕೆ ತಿರುಗಿಸಿದರೆ ಹಿಂಬದಿಯ ಟ್ಯಾಂಕಿನಿಂದ ಎರಡು ಮೂರು ಸೆಕೆಂಡು ಪಂಪಿನ ಸಣ್ಣ ಗುಂಯ್‌ಗುಡುವಿಕೆ ಕೇಳಿಸುತ್ತದೆ. ಸೆಲ್ಫ್ ಹೊಡೆಯದೆ ಹೀಗೆಯೇ ಮೂರ್ನಾಲ್ಕು ಸಲ ಆನ್-ಆಫ್ ಮಾಡಿ, ಆಮೇಲೆ ಸ್ಟಾರ್ಟ್ ಮಾಡಿ ನೋಡಿ. ಎಂಜಿನ್ ಥಟ್ಟನೆ ಹಿಡಿದುಕೊಂಡರೆ, ರಾತ್ರಿ ಪೈಪಿನಲ್ಲಿ ಉಳಿಯಬೇಕಾದ ಒತ್ತಡ ಇಳಿದುಹೋಗುತ್ತಿದೆ ಎಂಬ ಅನುಮಾನಕ್ಕೆ ಬಲವಾದ ಆಧಾರ ಸಿಕ್ಕಿತು. ಬಾವಿಯ ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಸೋರಿದರೆ ಮರುದಿನ ಮೊದಲು ನೀರು ತುಂಬಿಸದೆ ಮೋಟಾರು ನೀರೆತ್ತದು. ಟ್ಯಾಂಕಿನೊಳಗಿನ ಪಂಪಿನಲ್ಲಿ ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಸವೆದಾಗ ಆಗುವುದೂ ಅದೇ.

ಆದರೆ ಒತ್ತಡ ಇಳಿಯಲು ಚೆಕ್ ವಾಲ್ವೊಂದೇ ಕಾರಣವಲ್ಲ; ಪೈಪಿನ ಒತ್ತಡವನ್ನು ಹದದಲ್ಲಿಡುವ ಪ್ರೆಶರ್ ರೆಗ್ಯುಲೇಟರ್ ಅಥವಾ ಸೋರುವ ಇಂಜೆಕ್ಟರ್ ಕೂಡ ಆಗಿರಬಹುದು. ಪ್ರೆಶರ್ ಗೇಜ್ ಬೇಕಾಗುವುದು ಇಲ್ಲಿಯೇ. ಈ ಬಗೆಯ ಕಾರುಗಳಲ್ಲಿ ಸಾಮಾನ್ಯವಾಗಿ 3 ಬಾರ್ ಆಸುಪಾಸಿನ ಒತ್ತಡವಿರುತ್ತದೆ. ಕೀಲಿ ಆಫ್ ಮಾಡಿದ ಮೇಲೆ ಮುಳ್ಳು ತುಸು ಇಳಿದು ನಿಲ್ಲಬೇಕೇ ಹೊರತು ನಿಮಿಷಗಳಲ್ಲಿ ಸೊನ್ನೆಗೆ ಬೀಳಬಾರದು. ಬಿದ್ದರೆ, ಹೆಚ್ಚಾದ ಪೆಟ್ರೋಲನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಪೈಪ್ ಇರುವ ಕಾರಿನಲ್ಲಿ ಟ್ಯಾಂಕಿನಿಂದ ಬರುವ ರಬ್ಬರ್ ಹೋಸನ್ನು ಪಂಪ್ ನಿಂತೊಡನೆ ಕ್ಲಾಂಪ್ ಹಾಕಿ ಮುಚ್ಚಿ ನೋಡಬೇಕು: ಒತ್ತಡ ನಿಂತರೆ ದೋಷ ಪಂಪಿನ ಕಡೆಯದು. ರಿಟರ್ನ್ ಹೋಸನ್ನು ಮುಚ್ಚಿದಾಗ ನಿಂತರೆ ರೆಗ್ಯುಲೇಟರಿನದು. ಎರಡನ್ನೂ ಮುಚ್ಚಿದರೂ ಇಳಿಯುತ್ತಿದ್ದರೆ ಇಂಜೆಕ್ಟರನ್ನು ಶಂಕಿಸಬೇಕು. ರೆಗ್ಯುಲೇಟರಿನ ಸಣ್ಣ ವ್ಯಾಕ್ಯೂಮ್ ಹೋಸನ್ನು ಕಿತ್ತಾಗ ಅದರೊಳಗೆ ಪೆಟ್ರೋಲಿನ ಪಸೆ ಕಂಡರೆ ಒಳಗಿನ ತೆಳು ಪೊರೆ (ಡಯಾಫ್ರಮ್) ಹರಿದಿದೆಯೆಂದೇ ತಿಳಿಯಬಹುದು. ಗಟ್ಟಿಯಾಗಿ ಬಿರುಕು ಬಿಟ್ಟ ಹಳೆಯ ಹೋಸಿಗೆ ಕ್ಲಾಂಪ್ ಹಾಕುವುದು ಬೆಂಕಿಗೆ ಆಹ್ವಾನವಾದ್ದರಿಂದ ಈ ಭಾಗವನ್ನು ನುರಿತವರೇ ಮಾಡಬೇಕು.

ಕೀಲಿಯ ಪರೀಕ್ಷೆಯಿಂದ ಏನೂ ವ್ಯತ್ಯಾಸ ಕಾಣದಿದ್ದರೆ ಕೂಲೆಂಟ್ ಸೆನ್ಸರಿನ ಕಡೆಗೆ ತಿರುಗಬೇಕು. ಚಾಲಕನ ಮುಂದಿನ ಉಷ್ಣತೆಯ ಮೀಟರಿನ ಮುಳ್ಳು ಸರಿಯಾಗಿದೆ, ಆದ್ದರಿಂದ ಸೆನ್ಸರೂ ಸರಿಯಿದೆ ಎನ್ನುವವರಿದ್ದಾರೆ. ಹಳೆಯ ಹಲವು ಕಾರುಗಳಲ್ಲಿ ಮೀಟರಿಗೊಂದು, ಇಸಿಎಂಗೆ ಇನ್ನೊಂದು ಎಂದು ಸೆನ್ಸರುಗಳೇ ಬೇರೆ. ಸಾಮಾನ್ಯ ಸೆನ್ಸರ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 2ರಿಂದ 3 ಕಿಲೋ ಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್ ವಿದ್ಯುತ್ ರೋಧ ತೋರಿಸುತ್ತದೆ. ಚಳಿಯ ಬೆಳಿಗ್ಗೆಯೂ ಎಂಜಿನ್ ಬಿಸಿಯಾಗಿದೆಯೆಂದು ಅದು ಇಸಿಎಂಗೆ ತಿಳಿಸುತ್ತಿದ್ದರೆ ಪೆಟ್ರೋಲ್ ಸಾಲದೆ ಬರುತ್ತದೆ. ಮಳೆಗಾಲದಲ್ಲಿ ಮಾತ್ರ ಕಾಡುವ ತೊಂದರೆಯಾದರೆ ಪ್ಲಗ್ ವೈರುಗಳನ್ನು ಕತ್ತಲಲ್ಲಿ ನೋಡಿ, ನೀಲಿ ಕಿಡಿ ಹೊರಗೆ ಹಾರುವುದು ಬರಿಗಣ್ಣಿಗೇ ಕಂಡೀತು.

ಎಥೆನಾಲಿನ ಪಾತ್ರವನ್ನು ನಾನು ಅಲ್ಲಗಳೆಯುವುದಿಲ್ಲ. ಅದು ಆವಿಯಾಗಲು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಬೇಕು, ಉರಿಯಲು ಗಾಳಿಯ ಪ್ರಮಾಣಕ್ಕೆ ಹೋಲಿಸಿದರೆ ಇಂಧನವೂ ಹೆಚ್ಚು ಬೇಕು; ಇ20ಕ್ಕೆಂದು ರೂಪಿಸದ ಹಳೆಯ ಎಂಜಿನ್ನಿನಲ್ಲಿ ಈಗಾಗಲೇ ಇರುವ ದೌರ್ಬಲ್ಯವನ್ನು ಅದು ಎತ್ತಿ ತೋರಿಸಬಲ್ಲದು. ಆದರೆ ಕೀಲಿಯನ್ನು ನಾಲ್ಕು ಸಲ ಆನ್-ಆಫ್ ಮಾಡಿದೊಡನೆ ಅದೇ ಪೆಟ್ರೋಲಿನಲ್ಲಿ ಕಾರು ಸ್ಟಾರ್ಟ್ ಆಗುವುದಾದರೆ, ತಪ್ಪನ್ನೆಲ್ಲ ಪೆಟ್ರೋಲಿನ ಮೇಲೆ ಹೊರಿಸುವುದು ನ್ಯಾಯವಲ್ಲ.

ಆದ್ದರಿಂದ ಗ್ಯಾರೇಜಿನವರು ಪಂಪ್ ಬದಲಿಸಬೇಕೆಂದಾಗ ಒತ್ತಡ ಎಷ್ಟಿತ್ತು, ಎಷ್ಟು ಹೊತ್ತಿನಲ್ಲಿ ಎಷ್ಟಕ್ಕೆ ಇಳಿಯಿತು ಎಂದು ಗ್ರಾಹಕರು ಕೇಳಲಿ, ಆ ಅಂಕಿಯನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಲಿ. ಬೆಳಿಗ್ಗೆ ಹೇಗೋ ಸ್ಟಾರ್ಟ್ ಮಾಡಿ ಓಡಿಸಿಕೊಂಡು ಹೋದ ಕಾರಿನಲ್ಲಿ ಈ ಪರೀಕ್ಷೆಗಳ ಪೈಕಿ ಹಲವು ನಡೆಯುವುದಿಲ್ಲ, ಏಕೆಂದರೆ ಎಂಜಿನ್ ಅಷ್ಟರಲ್ಲಿ ಬಿಸಿಯಾಗಿರುತ್ತದೆ. ಹಿಂದಿನ ಸಂಜೆಯೇ ಕಾರನ್ನು ಗ್ಯಾರೇಜಿನಲ್ಲಿ ಬಿಟ್ಟು, ಮರುದಿನ ತಾವು ಬರುವ ತನಕ ಕೀಲಿ ಮುಟ್ಟಬಾರದೆಂದು ಹೇಳಿ ಬರುವುದು ಒಳ್ಳೆಯದು.

– ನಿವೃತ್ತ ಐಟಿಐ ಬೋಧಕ, ಚಿಕ್ಕಮಗಳೂರು