ತೇರಿನ ಮೇಲೆ ಡ್ರೋನ್ ಬಿಡೋ ಮುಂಚೆ ಎರಡು ಕಾಗದ ಕೇಳಿ

ಸಂಪಾದಕರಿಗೆ ನಮಸ್ಕಾರ,

ನಾನು ಅರಸೀಕೆರೆ ಕಡೆಯೋನು, ಮದ್ವೆ ಮುಂಜಿ ಜಾತ್ರೆ ಅಂತ ಫೋಟೋ ವಿಡಿಯೋ ಮಾಡ್ಕೊಂಡಿದೀನಿ. ಜಾತ್ರೆ ಸೀಸನ್ ಬರೋ ಮುಂಚೆ ಇದನ್ನ ಬರೀಲೇಬೇಕು ಅನ್ನಿಸ್ತು.

ಎರಡು ವರ್ಷದ ಹಿಂದೆ ಒಂದೂರ ತೇರಿಗೆ ನನ್ನನ್ನ ಕರೆದಿದ್ರು. ಕಳಸದಿಂದ ಎರಡಾಳು ಮೇಲಕ್ಕೆ ಡ್ರೋನ್ ನಿಲ್ಲಿಸಿದ್ದೆ, ತೇರು ಜಗ್ಗಿದ ತಕ್ಷಣ ಜನ ಹಣ್ಣು ದವನ ಎಸೆಯಕ್ಕೆ ಶುರು ಮಾಡಿದ್ರು ನೋಡಿ, ಒಂದು ಬಾಳೆಹಣ್ಣು ಸೀದಾ ಹೋಗಿ ರೆಕ್ಕೆಗೆ ಬಡೀತು. ಗಿರಗಿರ ಅಂತ ತಿರುಗ್ಕೊಂಡು ಕೆಳಗೆ ಬಂತು, ಮಿಣಿ ಹಿಡಿದಿದ್ದ ಯಜಮಾನ್ರೊಬ್ಬರ ಭುಜ ಹರೀತು, ಬಿಳಿ ಅಂಗಿ ಎಲ್ಲಾ ರಕ್ತ. ಅವ್ರು ದೊಡ್ಡ ಮನುಷ್ಯ, "ಹೋಗ್ಲಿ ಬಿಡಪ್ಪ, ಸ್ವಾಮಿ ಕಾಪಾಡ್ದ" ಅಂದ್ರು. ನಂಗೆ ಮಾತ್ರ ಆ ರಾತ್ರಿ ನಿದ್ದೆ ಬರ್ಲಿಲ್ಲ, ಭುಜದ ಬದ್ಲು ಕಣ್ಣಿಗೆ ತಗುಲಿದ್ರೆ ಏನ್ಗತಿ? ನನ್ ಹತ್ರ ಸರ್ಟಿಫಿಕೇಟೂ ಇರ್ಲಿಲ್ಲ, ಇನ್ಶೂರೆನ್ಸೂ ಇರ್ಲಿಲ್ಲ. ಆಕ್ಸಿಡೆಂಟ್ ಆದ್ರೆ 48 ಗಂಟೆ ಒಳಗೆ ಡಿಜಿಸಿಎಗೆ (ವಿಮಾನ, ಡ್ರೋನ್ ಹಾರಾಟ ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಇಲಾಖೆ) ತಿಳಿಸ್ಬೇಕು ಅನ್ನೋದು ಕೂಡ ಆಮೇಲೆ ಗೊತ್ತಾಗಿದ್ದು.

ಅದಾದ್ಮೇಲೆ ಡಿಜಿಸಿಎ ಒಪ್ಪಿಗೆ ಇರೋ ಸ್ಕೂಲಲ್ಲಿ ಟ್ರೈನಿಂಗ್ ತಗೊಂಡು ರಿಮೋಟ್ ಪೈಲಟ್ ಸರ್ಟಿಫಿಕೇಟ್ ಮಾಡಿಸ್ದೆ. 18ರಿಂದ 65 ವಯಸ್ಸು, ಎಸ್ಸೆಸ್ಸೆಲ್ಸಿ ಪಾಸಾಗಿದ್ರೆ ಸಾಕು, ಒಂದ್ಸಲ ಸಿಕ್ಕಿದ್ರೆ 10 ವರ್ಷ ನಡೆಯತ್ತೆ. ದುಡ್ಡು ಮಾತ್ರ ಹತ್ತಾರು ಸಾವಿರ ಕೈ ಬಿಡ್ತು. ನಮ್ಮೋರು ತುಂಬಾ ಜನ "2 ಕೆಜಿ ಒಳಗಿನ ಡ್ರೋನಿಗೆ ಸರ್ಟಿಫಿಕೇಟ್ ಬೇಡ" ಅಂತಾರಲ್ಲ, ಅದು ಅರ್ಧ ಸತ್ಯ. 2021ರ ಡ್ರೋನ್ ರೂಲ್ಸ್ ಪ್ರಕಾರ 250 ಗ್ರಾಮಿಂದ 2 ಕೆಜಿವರೆಗಿಂದು ಮೈಕ್ರೋ, ಅದನ್ನ ಸ್ವಂತ ಖುಷಿಗೆ ಹಾರಿಸಿದ್ರೆ ಮಾತ್ರ ಸರ್ಟಿಫಿಕೇಟ್ ಬೇಡ, ಮದ್ವೆಗೆ ಅಂತ ದುಡ್ಡು ಇಸ್ಕೊಂಡ್ರೆ ಬೇಕೇ ಬೇಕು. 250 ಗ್ರಾಂ ಒಳಗಿನ ನ್ಯಾನೋಗೆ ಸರ್ಟಿಫಿಕೇಟೂ ಬೇಡ ಇನ್ಶೂರೆನ್ಸೂ ಬೇಡ, ನಿಜ, ಆದ್ರೆ 249 ಗ್ರಾಂ ಅಂತ ತಂದು ಅದಕ್ಕೆ ದೊಡ್ಡ ಬ್ಯಾಟರಿ ಸಿಕ್ಕಿಸ್ತೀರಲ್ಲ, ಆಗ ತೂಕ ಎಲ್ಲಿಗೆ ಹೋಯ್ತು ಲೆಕ್ಕ ಹಾಕಿ.

ಸರ್ಟಿಫಿಕೇಟ್ ಬಂತಲ್ಲ ಅಂತ ಬೀಗ್ತಿದ್ದೆ, ಅಲ್ಲಿಗೂ ಮುಗೀಲಿಲ್ಲ. ಸರ್ಟಿಫಿಕೇಟ್ ನಂಗೆ ಕೊಟ್ಟಿರೋದು, ಡ್ರೋನಿಗಲ್ಲ. ಗಾಡಿಗೆ ನಂಬರ್ ಪ್ಲೇಟ್ ಇದ್ದಂಗೆ ಡ್ರೋನಿಗೂ ಯುಐಎನ್ ಅಂತ ನಂಬರ್ ಬೇಕು, ಅದರ ಫೀಸು ಬರೀ 100 ರೂಪಾಯಿ. ಆದ್ರೆ ನ್ಯಾನೋಗಿಂತ ದೊಡ್ಡದಾದ್ರೆ ಆ ಮಾಡೆಲ್ಲಿಗೆ ಟೈಪ್ ಸರ್ಟಿಫಿಕೇಟ್, ಅಂದ್ರೆ ಈ ಮಾಡೆಲ್ ಸರಿಯಾಗಿದೆ ಅನ್ನೋ ಒಪ್ಪಿಗೆ ಪತ್ರ, ಇರ್ಬೇಕು, ಈಗ ಮದ್ವೆ ಮನೇಲಿ ಹಾರೋ ಚೈನಾ ಡ್ರೋನುಗಳಿಗೆ ಅದೆಲ್ಲಿಂದ ಬರತ್ತೆ? 2022ರ ಫೆಬ್ರವರಿಲೇ ರೆಡಿ ಡ್ರೋನ್ ಇಂಪೋರ್ಟ್ ನಿಲ್ಸಿದಾರೆ, ಆದ್ರೂ ಬಿಲ್ ಇಲ್ದೆ ಕೇಳಿದ್ರೆ ಸಂಜೆ ಒಳಗೆ ಕೈಗೆ ಬರತ್ತೆ. ಕಲಿತೋನು ದಂಡಕ್ಕೆ ಹೆದರಿ ಮನೇಲಿ ಕೂರ್ತಾನೆ, ದಂಡ 1 ಲಕ್ಷದವರೆಗೂ ಇದೆ, ಏನೂ ಗೊತ್ತಿಲ್ದಿರೋ ಹುಡುಗ ಹಾಯಾಗಿ ಹಾರಿಸ್ತಾನೆ. ಈ ಕ್ಯಾಮೆರಾ ಕೆಲ್ಸಕ್ಕೆ ನಮ್ಮ ಕೈಗೆಟುಕೋ ರೇಟಲ್ಲಿ ನಂಬರ್ ಸಿಗೋ ಡ್ರೋನ್ ಬರೋ ಹಂಗೆ ಸರ್ಕಾರ ಏನಾದ್ರೂ ಮಾಡ್ಬೇಕು, ಬರೀ ಹೊಲಕ್ಕೆ ಔಷಧಿ ಹೊಡೆಯೋ ಡ್ರೋನಿಗೆ ಸಬ್ಸಿಡಿ ಕೊಟ್ರೆ ನಮ್ ಕಥೆ?

ದೇವಸ್ಥಾನದ ಕಮಿಟಿಯೋರು, ಹೆಣ್ಣು ಗಂಡಿನ ಕಡೆಯೋರು ಅಡ್ವಾನ್ಸ್ ಕೊಡೋ ಮುಂಚೆ ಎರಡೇ ಎರಡು ಕೇಳಿ: ಹಾರಿಸೋನ ಸರ್ಟಿಫಿಕೇಟ್ ಎಲ್ಲಿ, ಡ್ರೋನಿನ ನಂಬರ್ ಎಷ್ಟು. ನ್ಯಾನೋ ಆಗಿದ್ರೂ ನಂಬರ್ ಕೇಳಿ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇದ್ಯಾ ಅಂತ ಕೇಳಿದ್ರಂತೂ ಅರ್ಧ ಜನ ಅಲ್ಲೇ ಜಾಗ ಖಾಲಿ ಮಾಡ್ತಾರೆ. ನಿಮ್ ಪೇಪರಲ್ಲಿ ಇದನ್ನ ಒಂದು ಬಾಕ್ಸ್ ಮಾಡಿ ಹಾಕಿದ್ರೆ ಉಪಕಾರ ಆಗತ್ತೆ.

ಮೊನ್ನೆ ಅದೇ ಜಾತ್ರೆ ಕಮಿಟಿಯಿಂದ ಫೋನ್ ಬಂದಿತ್ತು. ನನ್ ಹತ್ರ ನಂಬರ್ ಇರೋ ಡ್ರೋನ್ ಇಲ್ಲ ಸ್ವಾಮಿ, ಪಕ್ಕದ ಮನೆ ತಾರಸಿ ಮೇಲಿಂದ ತೆಗೆದುಕೊಡ್ತೀನಿ ಅಂದೆ. "ಹಂಗಾದ್ರೆ ಬಿಡಿ, ಬೇರೆ ಹುಡುಗ ಕಮ್ಮಿಗೆ ಒಪ್ಕೊಂಡಿದಾನೆ" ಅಂದು ಇಟ್ರು.

ಇಂತಿ,
ಒಬ್ಬ ಸ್ಟುಡಿಯೋದವನು, ಅರಸೀಕೆರೆ ತಾಲ್ಲೂಕು