ಬಸುರಿಯರ ಲಸಿಕೆ: ಆ ಆಡಿಯೋ ಬಗ್ಗೆ

ಎಲ್ಲರಿಗೂ ನಮಸ್ಕಾರ. "ಬಸುರಿಯರು ಸೂಜಿ ಹಾಕಿಸಿಕೊಂಡರೆ ಕೂಸಿಗೆ ತೊಂದರೆ" ಅನ್ನೋ ಆಡಿಯೋ ನಮ್ಮ ಗಂಗಾವತಿ ಗುಂಪಿನಲ್ಲಿ ಓಡಾಡುತ್ತಿದೆ. ಮಾತಾಡಿದವರ ಹೆಸರೂ ಇಲ್ಲ, ಊರೂ ಇಲ್ಲ. ಸುಮ್ನೆ ಮುಂದೆ ಕಳಿಸಬೇಡಿ.

ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಹಾಕುವುದು ಟಿಡಿ. ಧನುರ್ವಾಯು, ಗಂಟಲಮಾರಿ ಎರಡಕ್ಕೂ ಅದೇ. ಬಸುರಿ ಅಂತ ಗೊತ್ತಾದ ಕೂಡಲೇ ಒಂದು, 4 ವಾರ ಬಿಟ್ಟು ಇನ್ನೊಂದು. ಹಿಂದಿನ ಬಸುರಿನಲ್ಲಿ ಎರಡೂ ಆಗಿ 3 ವರ್ಷದೊಳಗೆ ಮತ್ತೆ ಬಸುರಾಗಿದ್ದರೆ ಒಂದೇ ಸಾಕು. ಅದಕ್ಕೇ ಹಳೆ ತಾಯಿ ಕಾರ್ಡ್ ಎಸೆಯಬೇಡಿ. ತಾಯಿಯ ಮೈಯಲ್ಲಿ ಹುಟ್ಟಿದ ರಕ್ಷಣೆ ಹೊಟ್ಟೆಯಲ್ಲಿರುವಾಗಲೇ ಕೂಸಿಗೂ ಹೋಗುತ್ತದೆ. ಹೊಕ್ಕುಳಬಳ್ಳಿ ಕೊಯ್ದ ಕಡೆ ನಂಜೇರಿ ಹಸುಗೂಸು ಹಾಲು ಬಿಟ್ಟು, ಮೈ ಸೆಟೆದು ಸಾಯುತ್ತಿದ್ದ ಕಾಲ ಇತ್ತು. ಮನೆಯ ಹಿರಿಯರಿಗೆ ನೆನಪಿರುತ್ತದೆ, ಕೇಳಿ ನೋಡಿ. ಭತ್ತದ ಗದ್ದೆಗೆ ಹೋಗುವವರು, ಕುಡುಗೋಲು ಹಿಡಿಯುವವರು ಇದನ್ನು ಬಿಡಲೇಬೇಡಿ. ತೋಳು ಒಂದೆರಡು ದಿನ ನೋಯಬಹುದು, ಅಷ್ಟೇ.

ಹಾಗಂತ ಎಲ್ಲ ಲಸಿಕೆಯೂ ಬಸುರಿನಲ್ಲಿ ನಡೆಯುವುದಿಲ್ಲ. ದಡಾರ-ರುಬೆಲ್ಲಾ, ಸಿಡುಬಿನಂಥ ಅಮ್ಮ (ಚಿಕನ್‌ಪಾಕ್ಸ್) ಲಸಿಕೆಗಳಲ್ಲಿ ಜೀವಂತ ವೈರಸ್ ಇರುತ್ತದೆ. ಅವನ್ನು ಹೆರಿಗೆ ಆದ ಮೇಲೆ ಹಾಕುತ್ತಾರೆ. ಫ್ಲೂ, ನಾಯಿಕೆಮ್ಮಿನ ಸೂಜಿ ಬೇಕಾ ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ನಾಯಿಕೆಮ್ಮಿನದ್ದು ಸಾಮಾನ್ಯವಾಗಿ 27ರಿಂದ 36ನೇ ವಾರದಲ್ಲಿ. ಹಿಂದೆ ಯಾವುದಾದರೂ ಸೂಜಿಗೆ ಜಾಸ್ತಿ ಅಲರ್ಜಿ ಆಗಿದ್ದರೆ ಮೊದಲೇ ಹೇಳಿಬಿಡಿ.

ಪ್ರತಿ ತಿಂಗಳು 9ಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಪುಕ್ಕಟೆ ತಪಾಸಣೆ ಇರುತ್ತದೆ. ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಮನೆಯಲ್ಲಿ ಬೇಡ ಅನ್ನೋರು ಸಾಮಾನ್ಯವಾಗಿ ಅವರೇ ಅಲ್ವಾ!