ಹೆಸರು ಬೇಡವೆಂದ ಸರ್‌ಗೆ ಧನ್ಯವಾದ

ನಮ್ಮ ಹುತ್ತರಿ ಕಂಪ್ಯೂಟರ್ ಆಟ ಹಳೇ ಲಿನಕ್ಸ್‌ನಲ್ಲೂ ಓಡುವಂತೆ ಮಾಡಿಕೊಟ್ಟ ಮಡಿಕೇರಿಯ ಸರ್, ನಿಮಗೆ ತುಂಬಾ ಧನ್ಯವಾದ. ಹೆಸರು ಬೇಡ ಅಂದಿರಿ, ಹಾಕಿಲ್ಲ.

ಆಟದ ಚಿತ್ರ, ಶಬ್ದ, ಕೀಲಿಮಣೆ ನೋಡಿಕೊಳ್ಳುವ ಎಸ್‌ಡಿಎಲ್ ಎಂಬ ಲೈಬ್ರರಿ (ಸಿದ್ಧ ಕೋಡ್‌ನ ಕಟ್ಟು) ಬಳಸಿದ್ದರಿಂದ ವಿಂಡೋಸ್‌ಗೂ ಲಿನಕ್ಸ್‌ಗೂ ಹೆಚ್ಚುಕಡಿಮೆ ಒಂದೇ ಕೋಡ್ ಸಾಕಾಗಿತ್ತು. ಆದರೂ ವಿರಾಜಪೇಟೆಯ ಗೆಳೆಯರ ಹಳೇ ಕಂಪ್ಯೂಟರಿನಲ್ಲಿ ಆಟ ತೆರೆಯಲೇ ಇಲ್ಲ. ತೊಂದರೆ ಜಿಲಿಬ್‌ಸಿಯದ್ದು, ಅಂದರೆ ಲಿನಕ್ಸ್‌ನ ಹೆಚ್ಚಿನ ಪ್ರೋಗ್ರಾಂಗಳಿಗೆ ಬೇಕಾದ ಮೂಲ ಲೈಬ್ರರಿಯದ್ದು ಅಂತ ನೀವು ತಕ್ಷಣ ಹಿಡಿದಿರಿ. ಹೊಸ ಜಿಲಿಬ್‌ಸಿ ಇರುವಲ್ಲಿ ಬಿಲ್ಡ್ ಮಾಡಿದ್ದು (ಕೋಡ್‌ನಿಂದ ಓಡುವ ಪ್ರೋಗ್ರಾಂ ತಯಾರಿಸಿದ್ದು) ಹಳೆಯದರಲ್ಲಿ ಎಷ್ಟೋ ಸಲ ಓಡುವುದಿಲ್ಲ. ಹಳೆಯದರಲ್ಲಿ ಮಾಡಿದ್ದು ಹೊಸದರಲ್ಲಿ ಸಾಮಾನ್ಯವಾಗಿ ಓಡುತ್ತದೆ. ಅದಕ್ಕೇ ಹಳೇ ಉಬುಂಟು ಲಿನಕ್ಸ್‌ನಲ್ಲಿ ಬಿಲ್ಡ್ ಮಾಡಿಸಿದಿರಿ. ಎಸ್‌ಡಿಎಲ್ ಲೈಬ್ರರಿಯನ್ನೂ ಜೊತೆಗೆ ಸೇರಿಸಿ ಇನ್‌ಸ್ಟಾಲ್ ಮಾಡದೆಯೇ ಓಡುವ ಒಂದೇ ಆಪ್‌ಇಮೇಜ್ ಫೈಲ್ ಕಟ್ಟಿಸಿದಿರಿ.

ಮಳೆಗೆ ಕರೆಂಟ್ ಹೋದಾಗಲೆಲ್ಲ ಫೋನ್ ಇಡದೆ ಕಾದಿರಿ. ಅಷ್ಟು ತಾಳ್ಮೆ ಎಲ್ಲರಿಗೂ ಇರುತ್ತಾ! ಈಗ ಕುಶಾಲನಗರದ ಮಕ್ಕಳೂ ಆಡುತ್ತಿದ್ದಾರೆ. ಮುಂದಿನದು ಮ್ಯಾಕ್ ಆವೃತ್ತಿ. ಅದಕ್ಕೂ ನಿಮಗೇ ಫೋನ್ ಮಾಡುತ್ತೇನೆ ಸರ್.